ಕಣ್ಣೆದುರಿನ ರಿಪೇರಿ

ಸೈಕಲ್ ಮೇಲೆ ಊರೂರು ತಿರುಗುವವನಿಗೆ ಪ್ರತಿ ಊರಿನಲ್ಲೂ ಒಬ್ಬ ಮನುಷ್ಯ ಸಿಗಲೇಬೇಕು: ಪಂಚರ್ ತೆಗೆಯುವವ. ಊಟ ತಡವಾದರೆ ತಡೆದುಕೊಳ್ಳಬಹುದು, ಲಾಡ್ಜ್ ಸಿಗದಿದ್ದರೆ ಯಾವುದಾದರೂ ಗುಡಿಯ ಪೌಳಿಯಲ್ಲಿ ಮಲಗಬಹುದು; ಟ್ಯೂಬಿನ ಗಾಳಿ ಇಳಿದರೆ ಪ್ರವಾಸ ಅಲ್ಲಿಗೇ ನಿಲ್ಲುತ್ತದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಸುತ್ತ ಸೈಕಲ್ ತುಳಿಯುತ್ತ ನಾನು ಈ ಮನುಷ್ಯರನ್ನು ಹುಡುಕಿಕೊಂಡೇ ಹೋದೆ. ಸೈಕಲ್ ಸರಿಯಿದ್ದಾಗಲೂ ಅವರ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತೆ. ಗಿರಾಕಿ ಏನು ಕೇಳುತ್ತಾನೆ, ಮೇಸ್ತ್ರಿ ಏನು ಹೇಳುತ್ತಾನೆ, ರೊಕ್ಕದ ಮಾತು ಯಾವ ಹೊತ್ತಿಗೆ ಬರುತ್ತದೆ, ಗಿರಾಕಿ ಎದ್ದು ಹೋಗುವಾಗ ಅವನ ಮುಖ ಹೇಗಿರುತ್ತದೆ ಎಂದು ನೋಡುತ್ತ ಕೂರುವುದು ನನಗೆ ಗುಡಿ ಗೋಪುರ ನೋಡುವಷ್ಟೇ ಮುಖ್ಯವಾಗಿತ್ತು.

ಹಳೆಯ ಪುಣೆ–ಬೆಂಗಳೂರು ರಸ್ತೆಯನ್ನು ಇಲ್ಲಿನ ಜನ ಈಗಲೂ ಪಿ.ಬಿ. ರೋಡು ಅಂತಲೇ ಕರೆಯುತ್ತಾರೆ. ಅದು ಹಾವೇರಿ ಮತ್ತು ರಾಣೆಬೆನ್ನೂರು ಪೇಟೆಗಳ ಒಳಗಿಂದ ಹಾಯುತ್ತದೆ. ರಾಷ್ಟ್ರೀಯ ಹೆದ್ದಾರಿ 48 ಈಗ ಊರ ಹೊರಗಿಂದಲೇ ಸಾಗಿಹೋಗುವುದರಿಂದ ಕಾರಿನವರಿಗೆ ಈ ಊರುಗಳು ಬರೀ ಫಲಕದ ಮೇಲಿನ ಹೆಸರುಗಳು. ಸೈಕಲ್ಲಿನವನು ಮಾತ್ರ ಹಳೆಯ ರಸ್ತೆಗೇ ಇಳಿಯುತ್ತಾನೆ. ನೆರಳು, ಚಹಾ, ಗಾಳಿ ಹಾಕುವ ಪಂಪು ಎಲ್ಲವೂ ಇರುವುದು ಅಲ್ಲೇ.

ಹಾವೇರಿ 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾಯಿತು. ಆಮೇಲೆ ಕಚೇರಿಗಳು ಬಂದವು, ನೌಕರರು ಬಂದರು, ಅವರ ಬೈಕುಗಳು ಬಂದವು. ಬೆಳಿಗ್ಗೆ ಸಿದ್ಧೇಶ್ವರ ದೇವಸ್ಥಾನಕ್ಕೆ ಹೋಗಿ ಬಂದೆ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ಅಂಥ ಗುಡಿಗಳು ಕಡಿಮೆ. ಅಲ್ಲಿಂದ ಪೇಟೆಗೆ ಬರುವಷ್ಟರಲ್ಲಿ ನನ್ನ ಹಿಂದಿನ ಗಾಲಿ ಮೆತ್ತಗಾಗಿತ್ತು. ಬೇವಿನ ಮರದ ಟೊಂಗೆಗೆ ಹಳೆಯ ಟೈರು ನೇತುಹಾಕಿದ್ದ ಒಂದು ಸಣ್ಣ ಅಂಗಡಿ ಕಂಡಿತು. ತಗಡಿನ ಬಾಗಿಲು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಸಾಲಾಗಿ ಹೊಡೆದ ಮೊಳೆಗಳಲ್ಲಿ ಚೈನು, ಬ್ರೇಕಿನ ರಬ್ಬರು, ಪೆಡ್ಲು. ಮೇಸ್ತ್ರಿಗೆ ಅರವತ್ತು ದಾಟಿರಬೇಕು. ಬಂದವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನನ್ನ ಸೈಕಲ್ಲಿನ ವಾಲ್ ನೋಡಿ ಅವರ ಹುಬ್ಬು ಮೇಲೇರಿತು. ನಮ್ಮ ಊರುಗಳ ಸಾದಾ ಸೈಕಲ್ಲಿಗೆ ಒಂದು ಬಗೆಯ ವಾಲ್. ಅದರೊಳಗೆ ಸಣ್ಣ ರಬ್ಬರಿನ ಕೊಳವೆ, ಅದಕ್ಕೆ ವಾಲ್ ಟ್ಯೂಬ್ ಅನ್ನುತ್ತಾರೆ, ಅದು ಹರಿದರೆ ಎರಡು ನಿಮಿಷದಲ್ಲಿ ಹೊಸದು ಹಾಕಬಹುದು. ಮಕ್ಕಳ ದಪ್ಪ ಟೈರಿನ ಸೈಕಲ್ಲಿಗೆ ಬೈಕಿಗೆ ಇರುವಂಥದೇ ವಾಲ್. ಪೇಟೆಯಿಂದ ಪೇಟೆಗೆ ಹೋಗುವ ಸಪೂರ ಟೈರಿನ ಸೈಕಲ್ಲಿಗೆ ಇರುವುದು ಮೂರನೆಯದು, ತೆಳ್ಳಗಿನ, ತುದಿಯಲ್ಲಿ ತಿರುಪು ಇರುವಂಥದು. ಅದಕ್ಕೆ ಇಲ್ಲಿನ ಪಂಪು ಕೂರುವುದಿಲ್ಲ. ಚಾಚಾ ಮಾತಾಡದೆ ಒಳಗೆ ಹೋಗಿ ಒಂದು ಬೀಡಿ ಡಬ್ಬಿ ತಂದರು. ಅದರೊಳಗೆ ಹತ್ತಾರು ಬಗೆಯ ನಟ್ಟು, ವಾಶರುಗಳ ನಡುವೆ ಹಿತ್ತಾಳೆಯ ಒಂದು ಪುಟ್ಟ ತುಂಡು ಇತ್ತು, ಆ ವಾಲಿಗೆ ಹಾಕಿ ಇಲ್ಲಿನ ಪಂಪಿನಲ್ಲಿ ಗಾಳಿ ಹೊಡೆಯುವಂಥದು. "ಹಿಂದಕ ಒಬ್ರು ಹಿಂಗ ದೂರದಿಂದ ಸೈಕಲ್ ಮ್ಯಾಲ ಬಂದಿದ್ರು, ಅವ್ರು ಕೊಟ್ಟು ಹೋಗ್ಯಾರ. ನಿಮ್ಮಂಥಾವ್ರ ಕೆಲಸಕ್ಕ ಬರ್ತೈತಿ ಅಂತ ಇಟ್ಟೇನಿ" ಅಂದರು.

ಟ್ಯೂಬ್ ಹೊರಗೆ ಬಂತು. ಗಾಳಿ ತುಂಬಿ ತಗಡಿನ ಬೋಗುಣಿಯ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಳುಗಿಸುತ್ತ ಹೋದರು. ಗುಳ್ಳೆ ಎದ್ದ ಜಾಗ ನನಗೆ ತೋರಿಸಿ, ಕಡ್ಡಿ ಚುಚ್ಚಿ ಗುರುತು ಮಾಡಿ, ಒರೆಸಿ, ಉಪ್ಪುಕಾಗದದಿಂದ ತಿಕ್ಕಿ, ಸೊಲ್ಯೂಷನ್ ಹಚ್ಚಿ, ಅದು ಆರುವ ತನಕ ಟೈರಿನ ಒಳಮೈ ಮೇಲೆ ಬೆರಳಾಡಿಸಿದರು. ಬೆರಳಿಗೆ ತಾಗಿದ ಜಾಲಿಮುಳ್ಳಿನ ತುದಿಯನ್ನು ಇಕ್ಕಳದಿಂದ ಕಿತ್ತು ನನ್ನ ಅಂಗೈ ಮೇಲೆ ಇಟ್ಟರು. ಪ್ಯಾಚು ಕೂರಿಸಿ, ಸಣ್ಣ ಸುತ್ತಿಗೆಯಿಂದ ಬಡಿದು, ಮತ್ತೊಮ್ಮೆ ನೀರಿಗೆ ಅದ್ದಿ "ನೋಡ್ರಿ, ಗುಳ್ಳಿ ಇಲ್ಲ" ಅಂದರು. ಆಮೇಲೆ ರೊಕ್ಕದ ಮಾತು.

ರೋಗ ಯಾವುದು, ಕಾರಣ ಯಾವುದು, ವಾಸಿಯಾಯಿತೋ ಇಲ್ಲವೋ ಎಂಬ ಮೂರನ್ನೂ ಗಿರಾಕಿಯ ಕಣ್ಣೆದುರಿಗೇ ಇಟ್ಟು ತೋರಿಸುವ ಕಸುಬು ನಮ್ಮ ನಡುವೆ ಎಷ್ಟಿವೆ? 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಕಾಲದಿಂದ ಪಂಚರ್ ಇದೆ, ಅದನ್ನು ತಿದ್ದುವ ರೀತಿಯೂ ಹೆಚ್ಚು ಬದಲಾಗಿಲ್ಲ. ಈ ಕೆಲಸದಲ್ಲಿ ಮುಚ್ಚಿಡಲು ಏನೂ ಇಲ್ಲ. ಇದೇ ಕಾರಣಕ್ಕೆ ಸೈಕಲ್ ಅಂಗಡಿಯ ಮುಂದೆ ಕೂತ ಗಿರಾಕಿಗೆ ಅನುಮಾನ ಬರುವುದಿಲ್ಲ ಎಂದು ನನಗೆ ಅನ್ನಿಸಿತು. ದೊಡ್ಡ ಶಹರವೊಂದರ ಗಾಜಿನ ಬಾಗಿಲಿನ ಅಂಗಡಿಯಲ್ಲಿ ನನ್ನ ಇದೇ ಸೈಕಲ್ಲನ್ನು ಸರ್ವಿಸಿಗೆ ಬಿಟ್ಟಿದ್ದುಂಟು. ಒಂದು ವಾರ ಇಟ್ಟುಕೊಂಡು, ಉದ್ದನೆಯ ಬಿಲ್ಲು ಕೊಟ್ಟರು. ಬದಲಾಯಿಸಿದ ಹಳೆಯ ಚೈನು ಎಲ್ಲಿ ಎಂದು ಕೇಳಿದರೆ ಒಳಗಿನವರಿಗೆ ಗೊತ್ತು ಅಂದರು. ಒಳಗೆ ಹೋಗಲು ಗಿರಾಕಿಗೆ ಅವಕಾಶ ಇರಲಿಲ್ಲ.

ಚಾಚಾನ ಅಂಗಡಿಯಲ್ಲಿ ನಾನು ಹೊರಡದೆ ಕೂತೆ. ಧೋತರ ಉಟ್ಟ ಹಿರಿಯರೊಬ್ಬರು ತಮ್ಮ ಹಳೆಯ ಕರಿ ಸೈಕಲ್ಲನ್ನು ನೂಕಿಕೊಂಡು ಬಂದರು. ಹಿಂದಿನ ಗಾಲಿ ಕರಾ ಕರಾ ಅಂತೈತಿ ಎಂಬುದು ದೂರು. ಗಾಲಿ ಬಿಚ್ಚಿ, ನಡುವಿನ ಗುಂಡುಗಳನ್ನೆಲ್ಲ ಒಂದು ತಟ್ಟೆಗೆ ಸುರಿದು, ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು ನೋಡಿದರು. "ಕೋನ್ ಚಲೋ ಐತಿ ಯಜಮಾನ್ರ, ಗುಂಡು ಅಷ್ಟ ಹೋಗ್ಯಾವ. ಹೊಸಾವು ಹಾಕಿ ಗ್ರೀಸ್ ತುಂಬತೇನಿ, ಇನ್ನೂ ಭಾಳ ದಿನಾ ನಡೀತೈತಿ." ಹಿರಿಯರು ಗೋಣು ಹಾಕಿದರು. ಗುಂಡಿನ ಜೊತೆ ಕೋನನ್ನೂ ಬದಲಾಯಿಸಿ ಬಿಲ್ಲು ಹೆಚ್ಚಿಸಬಹುದಿತ್ತು, ಆ ಹಿರಿಯರಿಗೆ ಗೊತ್ತೂ ಆಗುತ್ತಿರಲಿಲ್ಲ. ಏನು ಬೇಡ ಎಂದು ಹೇಳಬಲ್ಲವನೇ ಒಳ್ಳೆಯ ಮೇಸ್ತ್ರಿ. ನನ್ನ ಮಟ್ಟಿಗೆ ಅದೇ ಮೊದಲ ಪರೀಕ್ಷೆ.

ಈ ಕರಿ ಸೈಕಲ್ಲು ಇಷ್ಟು ಕಾಲ ಬಾಳುವುದಕ್ಕೆ ಇನ್ನೊಂದು ಕಾರಣ ಇದೆ. ಅದರ ಅಳತೆಗಳು ಬದಲಾಗಿಲ್ಲ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಹಿಂದಿನ ಗಾಲಿಯ ಗುಂಡು ಕಾಲು ಇಂಚು. ಟೈರು 28ರ ಅಳತೆ. ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ 1949ರಲ್ಲಿ ಹುಟ್ಟಿತು, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ. ಯಾವ ಕಂಪನಿಯ ಸೈಕಲ್ಲಿಗೆ ಯಾವ ಕಂಪನಿಯ ಸಾಮಾನು ಹಾಕಿದರೂ ಬಹುಮಟ್ಟಿಗೆ ಕೂರುತ್ತದೆ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದಾಗ ದೇಶದ ತುಂಬ ಸುದ್ದಿಯಾಯಿತು. ಹಾವೇರಿಯ ಅಟ್ಲಾಸ್ ಸೈಕಲ್ಲುಗಳು ಮಾತ್ರ ನಿಲ್ಲಲಿಲ್ಲ. ಲೂಧಿಯಾನದಿಂದ ಬರುವ ಸಾಮಾನು ಅವುಗಳಿಗೂ ಸಾಕು.

ಬಾಡಿಗೆ ಸೈಕಲ್ಲಿನ ಕಾಲವನ್ನು ಚಾಚಾ ತಾವಾಗಿಯೇ ನೆನೆದರು. ತಾಸಿಗೆ ಇಷ್ಟು ಎಂದು ಕೊಡುತ್ತಿದ್ದರಂತೆ. ನೋಟುಬುಕ್ಕಿನಲ್ಲಿ ಹೆಸರು, ಸೈಕಲ್ ನಂಬರು, ಒಯ್ದ ಹೊತ್ತು. ಹುಡುಗರು ಒಂದು ತಾಸಿಗೆಂದು ಒಯ್ದು ಕಾಲು ತಾಸು ತಡವಾಗಿ ಬಂದು, ಗಡಿಯಾರದ ಕಡೆ ನೋಡದೆ ನಿಲ್ಲುತ್ತಿದ್ದರು. ಉತ್ತರ ಕರ್ನಾಟಕದ ಒಂದಿಡೀ ಪೀಳಿಗೆ ಒಳಪೆಡ್ಲು ಹೊಡೆಯುತ್ತ ಸೈಕಲ್ ಕಲಿತಿದ್ದು ಇಂಥ ಬಾಡಿಗೆ ಸೈಕಲ್ಲುಗಳ ಮೇಲೆ. ಬಿದ್ದು ಹ್ಯಾಂಡಲ್ ಸೊಟ್ಟ ಮಾಡಿಕೊಂಡು ಬಂದವನಿಗೆ ಬೈದು, ಹ್ಯಾಂಡಲ್ ನೆಟ್ಟಗೆ ಮಾಡಿ, ಮರುದಿನ ಅವನಿಗೇ ಮತ್ತೆ ಕೊಡುತ್ತಿದ್ದರು. ಈಗ ಆ ಅಂಗಡಿಯಲ್ಲಿ ಬಾಡಿಗೆಗೆ ಒಂದು ಸೈಕಲ್ಲೂ ಇಲ್ಲ.

ಹಾವೇರಿ ಬಿಟ್ಟು ದಕ್ಷಿಣಕ್ಕೆ ಬಂದರೆ ಮೋಟೆಬೆನ್ನೂರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಮೈಲಾರ ಮಹಾದೇವಪ್ಪನವರ ಊರು ಇದು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದಾಗ ಅವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಹೆದ್ದಾರಿಯ ಬದಿಯಲ್ಲಿ ನಿಂತು ಆ ಹೆಸರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಇಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗಬೇಕು.

ಬ್ಯಾಡಗಿ ಹತ್ತಿರ ಬಂದಿದ್ದು ಮೊದಲು ಮೂಗಿಗೆ ಗೊತ್ತಾಗುತ್ತದೆ. ಮೆಣಸಿನಕಾಯಿಯ ಘಾಟು. ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಯ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಸುಗ್ಗಿಯ ತಿಂಗಳುಗಳಲ್ಲಿ ಸೋಮವಾರ ಮತ್ತು ಗುರುವಾರದ ಮಾರುಕಟ್ಟೆಗೆ ಗದಗ, ಬಳ್ಳಾರಿ, ರಾಯಚೂರಿನ ಕಡೆಯಿಂದಲೂ, ಆಂಧ್ರದಿಂದಲೂ ಚೀಲಗಳು ಬರುತ್ತವೆ. ಲಾರಿ, ಟ್ರ್ಯಾಕ್ಟರುಗಳ ನಡುವೆ ಸಾಗುವ ಹಮಾಲರ ಸೈಕಲ್ಲುಗಳು ನನ್ನ ಕಣ್ಣು ಸೆಳೆದವು. ಹ್ಯಾಂಡಲ್ಲಿಗೆ ಬುತ್ತಿಯ ಚೀಲ, ಕ್ಯಾರಿಯರಿಗೆ ಸಿಕ್ಕಿಸಿದ ಕೊಕ್ಕೆ, ಸೀಟಿಗೆ ಸುತ್ತಿದ ಟವೆಲ್ಲು. ಇವರಿಗೆ ಸೈಕಲ್ ಕೆಟ್ಟರೆ ಆ ದಿನದ ಕೂಲಿಗೇ ಪೆಟ್ಟು.

ಇಲ್ಲಿ ನಾನು ಕೂತ ಅಂಗಡಿ ಅಗಲದಲ್ಲಿ ಒಂದು ಬಾಗಿಲಿನಷ್ಟೇ ಇತ್ತು. ಅಣ್ಣತಮ್ಮ ಇಬ್ಬರದು, ಅಣ್ಣನಿಗೆ ಸೈಕಲ್, ತಮ್ಮನಿಗೆ ಬೈಕು. ಹಮಾಲರು ಬೆಳಿಗ್ಗೆ ಸೈಕಲ್ ಇಲ್ಲಿ ಬಿಟ್ಟು "ಅಣ್ಣಾ, ಚೈನ್ ಜಾರ್ತೈತಿ ನೋಡು" ಎಂದಷ್ಟೇ ಹೇಳಿ ಹೋಗುತ್ತಾರೆ. ಎಷ್ಟಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಸಂಜೆ ಬಂದು, ಇದ್ದರೆ ರೊಕ್ಕ ಕೊಡುತ್ತಾರೆ, ಇಲ್ಲದಿದ್ದರೆ "ಬರಕೋ" ಅನ್ನುತ್ತಾರೆ. ಉದ್ರಿಯ ಆ ಪುಸ್ತಕವನ್ನು ಅಣ್ಣ ನನಗೆ ತೋರಿಸಿದ. ಹೆಸರುಗಳ ಬದಲು ಅಡ್ಡಹೆಸರು, ಊರ ಹೆಸರು, ಅಡತಿ ಅಂಗಡಿಯ ಹೆಸರು. "ಮುಳುಗಿಸ್ತಾರೇನು?" ಎಂದು ಕೇಳಿದೆ. "ಎಲ್ಲಿಗಿ ಹೊಕ್ಕಾರ್ರಿ? ನಾಳೆ ಮತ್ತ ಪಂಚರ್ ಆಗೂದ ಐತಿ" ಅಂದ. ಗಿರಾಕಿಗೆ ಮೇಸ್ತ್ರಿ ಬೇಕು, ಮೇಸ್ತ್ರಿಗೆ ಗಿರಾಕಿ ನಾಳೆಯೂ ಬೇಕು. ಇಬ್ಬರೂ ಒಂದೇ ಊರಿನವರು. ಗ್ಯಾರಂಟಿ ಕಾಗದ ಇಲ್ಲದೆಯೂ ಇಲ್ಲಿ ಕೆಲಸ ಕೆಡದಿರುವುದು ಈ ಕಾರಣಕ್ಕೆ. ಪ್ಯಾಚು ಬಿಟ್ಟುಕೊಂಡರೆ ಮರುದಿನ ರೊಕ್ಕ ತೆಗೆದುಕೊಳ್ಳದೆ ಮತ್ತೆ ಹಾಕುತ್ತಾನೆ, ಅದಕ್ಕೆ ಮಾತೂ ಬೇಕಿಲ್ಲ.

ಒಂದು ಸಂಗತಿ ನಾನು ಬೇರೆಲ್ಲೂ ಕೇಳಿರಲಿಲ್ಲ. ಸುಗ್ಗಿಯಲ್ಲಿ ಮೆಣಸಿನಕಾಯಿಯ ಪುಡಿ ಗಾಳಿಯಲ್ಲಿ ತೇಲಿ ಚೈನಿನ ಎಣ್ಣೆಗೆ ಅಂಟುತ್ತದೆ. ಕೆಂಪು ಮಿಶ್ರಿತ ಕಪ್ಪು ಜಿಡ್ಡಾಗಿ ಗಟ್ಟಿಯಾಗುತ್ತದೆ. ಅದನ್ನು ಕೆರೆದು ತೆಗೆದ ಕೈಯನ್ನು ಕಣ್ಣಿಗೆ ಮುಟ್ಟಿಸಿಕೊಳ್ಳಬಾರದು ಎಂದು ಅಣ್ಣ ಎಚ್ಚರಿಸಿದ. ಸುಗ್ಗಿಯ ಕಾಲಕ್ಕೆ ಅವನು ಚೈನಿಗೆ ಎಣ್ಣೆ ತೆಳ್ಳಗೆ ಹಾಕುತ್ತಾನೆ, ಮಳೆಗಾಲಕ್ಕೆ ಧಾರಾಳವಾಗಿ. ಮಳೆಗಾಲದ ಕಷ್ಟ ಬೇರೆ: ಎರಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗುವುದೇ ಇಲ್ಲ. ಹೊಲದ ದಾರಿಯವರು ಮುಂದಿನ ಮಡ್‌ಗಾರ್ಡ್ ಬಿಚ್ಚಿಸಿ ಮನೆಯಲ್ಲಿ ಇಟ್ಟು, ದೀಪಾವಳಿಯ ಹೊತ್ತಿಗೆ ಮರಳಿ ಹಾಕಿಸಲು ತರುತ್ತಾರಂತೆ. ಮಣ್ಣನ್ನೂ ಬೆಳೆಯನ್ನೂ ಅರಿತು ಮಾಡುವ ಈ ರಿಪೇರಿ ಯಾವ ಕಂಪನಿಯ ಕೈಪಿಡಿಯಲ್ಲೂ ಸಿಗುವುದಿಲ್ಲ.

ಶಾಲೆ ಬಿಡುವ ಹೊತ್ತಿಗೆ ಸಮವಸ್ತ್ರದ ಹುಡುಗಿಯೊಬ್ಬಳು ಸೈಕಲ್ ನಿಲ್ಲಿಸಿ "ಕಾಕಾ, ಬ್ರೇಕ್ ಹಿಡೀವಲ್ದು" ಅಂದಳು. ಅವಳ ಅಕ್ಕನಿಗೆ ಸರ್ಕಾರ ಕೊಟ್ಟ ಸೈಕಲ್ ಅದು. ಈಗ ಇವಳ ಪಾಲಿಗೆ ಬಂದಿದೆ. ಬ್ರೇಕಿನ ರಬ್ಬರು ಸವೆದಿತ್ತು, ಕಡ್ಡಿಯ ನಟ್ಟು ಸಡಿಲಾಗಿತ್ತು. ಅಣ್ಣ ರಬ್ಬರು ಬದಲಾಯಿಸಿ, ಕೇಳದೆಯೇ ಗಾಲಿಯ ಬೆಂಡ್ ತೆಗೆದು, ಸೀಟು ಒಂದು ಬೆರಳು ಮೇಲೆ ಮಾಡಿದ. "ಎತ್ತರ ಆಗೀದಿ ತಂಗಿ, ಮೊಣಕಾಲು ನೋಯ್ತಾವ ಹಿಂಗ ತುಳದ್ರ" ಅಂದ. ರಬ್ಬರಿನ ರೊಕ್ಕ ಅಷ್ಟೇ ತೆಗೆದುಕೊಂಡ.

2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಾಗ ಈ ಊರುಗಳ ಸೈಕಲ್ ಅಂಗಡಿಗಳಿಗೆ ಹೊಸ ಜೀವ ಬಂತು ಎಂದು ನಾನು ಮಾತಾಡಿಸಿದ ಮೇಸ್ತ್ರಿಗಳೆಲ್ಲ ಹೇಳಿದರು. ಬೈಕು ಬಂದು ಗಿರಾಕಿ ಕಡಿಮೆಯಾಗುತ್ತಿದ್ದ ಹೊತ್ತು ಅದು. ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳಿದ್ದವು. ಗಡಿಬಿಡಿಯಲ್ಲಿ ಜೋಡಿಸಿದ ಸೈಕಲ್ಲುಗಳ ನಟ್ಟು ಸಡಿಲ, ಗಾಲಿ ಔಟು, ಬ್ರೇಕು ಸರಿಯಿಲ್ಲ. ಮಕ್ಕಳು ಸೈಕಲ್ ಪಡೆದು ಶಾಲೆಯಿಂದ ನೇರ ಮೇಸ್ತ್ರಿಯ ಹತ್ತಿರವೇ ಬರುತ್ತಿದ್ದರಂತೆ. ದೂರು ಏನೇ ಇರಲಿ, ಹೈಸ್ಕೂಲು ನಾಲ್ಕೈದು ಕಿಲೋಮೀಟರು ದೂರ ಇದ್ದ ಹಳ್ಳಿಗಳ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಸೈಕಲ್ ಮೇಲೆ ಹೋಗುವ ನೋಟ ಈ ಜಿಲ್ಲೆಗೆ ಬಂದಿದ್ದು ಆಗ. ಬಿಹಾರದಲ್ಲಿ 2006ರಲ್ಲೇ ಶುರುವಾದ ಇಂಥದೇ ಯೋಜನೆಯನ್ನು ಅಧ್ಯಯನ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಹೈಸ್ಕೂಲು ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ 30ಕ್ಕೂ ಹೆಚ್ಚು ಏರಿತೆಂದು ಕಂಡುಕೊಂಡರು. ನಮ್ಮಲ್ಲಿ ಕೋವಿಡ್ ವರ್ಷಗಳಲ್ಲಿ ಸೈಕಲ್ ವಿತರಣೆ ನಿಂತಿತು. ಅಕ್ಕನ ಸೈಕಲ್ ತಂಗಿಗೆ ಬಂದಿದ್ದು ಹೀಗೆ. ಈ ಹುಡುಗಿ ಶಾಲೆ ಮುಗಿಸುವ ತನಕ ಅದನ್ನು ನಡೆಸುವ ಹೊಣೆಯನ್ನು ಬ್ಯಾಡಗಿಯ ಆ ಒಂದು ಬಾಗಿಲಿನ ಅಂಗಡಿ ಹೊತ್ತುಕೊಂಡಿದೆ.

ರಾಣೆಬೆನ್ನೂರು ಬೇರೆಯದೇ ಊರು. ಬೀಜದ ಕಂಪನಿಗಳು, ಹತ್ತಿ, ಬಟ್ಟೆಯ ಅಂಗಡಿಗಳು, ವ್ಯಾಪಾರಿಗಳ ಗದ್ದಲ. ಜಿಲ್ಲಾ ಕೇಂದ್ರ ಹಾವೇರಿಯಾದರೂ ಪೇಟೆಯ ಗತ್ತು ಇರುವುದು ಇಲ್ಲಿ. ಸೈಕಲ್ ಅಂಗಡಿಗಳೂ ದೊಡ್ಡವು. ಮುಂದೆ ಬಣ್ಣಬಣ್ಣದ ಮಕ್ಕಳ ಸೈಕಲ್ಲುಗಳ ಸಾಲು, ಒಳಗೆ ಗೇರಿನವು, ಡಿಸ್ಕ್ ಬ್ರೇಕಿನವು. ಸಾದಾ ಕರಿ ಸೈಕಲ್ಲು ಕೇಳಿದರೆ ಹಿಂದಿನ ಗೋದಾಮಿನಿಂದ ತರಬೇಕು.

ಇಲ್ಲಿ ಕಂಡ ಒಂದು ಪ್ರಸಂಗ ಬರೆಯಲೇಬೇಕು. ಮೇಡ್ಲೇರಿ ರಸ್ತೆಯ ಕಡೆಯ ಒಂದು ಅಂಗಡಿಗೆ ತಂದೆಯೊಬ್ಬರು ಮಗನನ್ನು ಕರೆದುಕೊಂಡು ಹೊಸ ಸೈಕಲ್ ತಂದರು. ಮೊಬೈಲಿನಲ್ಲಿ ತರಿಸಿದ ಸೈಕಲ್. ಪೆಟ್ಟಿಗೆಯಲ್ಲಿ ಅರ್ಧ ಜೋಡಿಸಿ ಬಂದಿದ್ದನ್ನು ಮನೆಯಲ್ಲೇ ಪೂರ್ತಿ ಮಾಡಿದ್ದರು. ಮುಂದಿನ ಫೋರ್ಕು ಹಿಂದುಮುಂದಾಗಿತ್ತು. ಹಾಗೆ ಕೂರಿಸಿದರೆ ಸೈಕಲ್ ಹಿಡಿತಕ್ಕೆ ಸಿಗುವುದಿಲ್ಲ, ತುಳಿಯುವಾಗ ಕಾಲು ಗಾಲಿಗೆ ತಾಗುತ್ತದೆ. ಅದಕ್ಕಿಂತ ಹೆಚ್ಚಿನದು ಪೆಡ್ಲಿನ ತೊಂದರೆ. ಎಡಗಡೆಯ ಪೆಡ್ಲಿಗೆ ಉಲ್ಟಾ ಥ್ರೆಡ್ ಇರುತ್ತದೆ. ತುಳಿಯುತ್ತ ತುಳಿಯುತ್ತ ಅದು ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರೆ. ಗೊತ್ತಿಲ್ಲದವರು ಬಲಗಡೆಯದನ್ನು ಎಡಕ್ಕೆ ಹಾಕಿ ಪಾನಾದಿಂದ ಜೋರಾಗಿ ತಿರುವಿದರೆ ಕ್ರ್ಯಾಂಕಿನ ಥ್ರೆಡ್ಡೇ ಹೋಗುತ್ತದೆ. ಇಲ್ಲಿ ಅದೇ ಆಗಿತ್ತು. ಕಂಪನಿಯವರಿಗೆ ಫೋನು ಮಾಡಿದರೆ ಉತ್ತರ ಇಲ್ಲ ಎಂದು ತಂದೆ ಬೇಸರದಿಂದ ಹೇಳಿದರು. ಇದಕ್ಕೂ ಮೊದಲು ಕೇಳಿದ ಅಂಗಡಿಯವರು "ಎಲ್ಲಿ ತಗೊಂಡೀರಿ ಅಲ್ಲೇ ಒಯ್ರಿ" ಎಂದು ಕಳಿಸಿದ್ದರಂತೆ.

ಹಾಗೆ ಕಳಿಸುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಂಗಡಿಯ ಬಾಡಿಗೆ, ಕರೆಂಟು, ಹುಡುಗರ ಪಗಾರ ಎಲ್ಲ ಹೊತ್ತುಕೊಂಡು ಸೈಕಲ್ ಮಾರುವವನ ಮುಂದೆ, ಅವನಿಗಿಂತ ಕಡಿಮೆ ಬೆಲೆಗೆ ತರಿಸಿದ್ದನ್ನು ತಂದು ರಿಪೇರಿ ಮಾಡು ಅಂದರೆ ಯಾರಿಗಾದರೂ ನೋವಾಗುತ್ತದೆ. ಆದರೂ ಅದು ಸರಿಯಲ್ಲ ಅಂತಲೇ ನನ್ನ ತೀರ್ಮಾನ. ಸೈಕಲ್ ಎಲ್ಲಿಂದ ಬಂದರೂ ಅದರ ಮೇಲೆ ಕೂರುವವನು ಈ ಊರಿನ ಹುಡುಗ. ಮೇಡ್ಲೇರಿ ರಸ್ತೆಯ ಅಂಗಡಿಯ ಯುವಕ ಬೇರೆ ದಾರಿ ಹಿಡಿದ. ಏನೂ ಅನ್ನದೆ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಹುಡುಗನನ್ನು ಹತ್ತಿರ ಕರೆದು, "ನೋಡು ತಮ್ಮಾ, ಇದು ಎಲ್, ಇದು ಆರ್ ಅಂತ ಬರ್ದಿರ್ತಾರ ಪೆಡ್ಲಿನ ಮ್ಯಾಲ" ಎಂದು ತೋರಿಸಿದ. ಫೋರ್ಕು ತಿರುಗಿಸಿದ, ಬ್ರೇಕು ಕೂರಿಸಿದ, ಗೇರು ಹೊಂದಿಸಿದ. ಕ್ರ್ಯಾಂಕಿಗೆ ಮಾತ್ರ ಹೊಸದೇ ಬೇಕು, ದಾವಣಗೆರೆಯಿಂದ ತರಿಸಬೇಕು ಅಂದ. ಬೆಲೆಯನ್ನು ಫೋನಿನಲ್ಲಿ ಕೇಳಿ, ಸ್ಪೀಕರ್ ಹಾಕಿ ತಂದೆಗೂ ಕೇಳಿಸಿದ. ತನ್ನ ಕೂಲಿ ಬೇರೆ ಹೇಳಿದ. ತಂದೆ ಚೌಕಾಸಿ ಮಾಡಲಿಲ್ಲ. ಸಾಮಾನಿನ ಬೆಲೆ ಬೇರೆ, ಕೈಯ ಕೂಲಿ ಬೇರೆ ಎಂದು ಬಿಡಿಸಿ ಹೇಳಿದರೆ ಯಾವ ಗಿರಾಕಿಯೂ ಜಗಳಕ್ಕೆ ನಿಲ್ಲುವುದಿಲ್ಲ ಎಂಬುದನ್ನು ಈ ಮೂರೂ ಊರುಗಳಲ್ಲಿ ಕಂಡೆ.

ಗೇರಿನ ಕೆಲಸವನ್ನು ಈ ಯುವಕ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದು. ಹಾವೇರಿಯ ಚಾಚಾನಿಗೆ ಗೇರಿನ ಸೈಕಲ್ ಅಷ್ಟಾಗಿ ಒಗ್ಗುವುದಿಲ್ಲ, ಅದನ್ನು ಅವರೇ ಹೇಳಿ ಬೇರೆ ಅಂಗಡಿಗೆ ಕಳಿಸುತ್ತಾರೆ. ಇವನಿಗೆ ಕರಿ ಸೈಕಲ್ಲಿನ ಕಾಟರ್ ಪಿನ್ ಬಡಿದು ಕೂರಿಸಲು ಕೈ ಬಾರದು. ಇಬ್ಬರ ವಿದ್ಯೆಯೂ ಒಬ್ಬನಲ್ಲಿ ಸೇರಬೇಕಾದರೆ ಚಾಚಾನ ಹತ್ತಿರ ಕಲಿಯಲು ಹುಡುಗರು ಬರಬೇಕು. ಬರುತ್ತಿಲ್ಲ. ಸಾಮಾನಿನ ಕಷ್ಟವೂ ಸಣ್ಣದಲ್ಲ: ಹಾವೇರಿಯಿಂದ ಹುಬ್ಬಳ್ಳಿ 70 ಕಿಲೋಮೀಟರಿಗೂ ಹೆಚ್ಚು, ಒಂದು ಸಣ್ಣ ಡಿಸ್ಕ್ ಪ್ಯಾಡಿಗಾಗಿ ಗಿರಾಕಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಮಾರುವಾಗ ತುಂಬಿ ತುಳುಕುವ ಅಂಗಡಿಗಳಲ್ಲಿ ರಿಪೇರಿಯ ಸಾಮಾನು ಇಡುವ ಕಪಾಟು ಚಿಕ್ಕದು. ಇದು ಗಿರಾಕಿಯ ನ್ಯಾಯವಾದ ದೂರು, ಕಂಪನಿಗಳು ಕೇಳಿಸಿಕೊಳ್ಳಬೇಕಾದ್ದು.

ಬೈಕಿನ ಮೇಸ್ತ್ರಿಗಳ ಮಾತು ಇನ್ನೂ ಭಾರವಾಗಿತ್ತು. 2020ರ ಏಪ್ರಿಲ್ 1ರಿಂದ ಹೊಗೆ ತಗ್ಗಿಸುವ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು, ಸೆನ್ಸರುಗಳು ಬಂದವು. ಕಿವಿಗೊಟ್ಟು ಇಂಜಿನ್ ಸದ್ದು ಕೇಳಿ ರೋಗ ಹೇಳುತ್ತಿದ್ದ ಮೇಸ್ತ್ರಿಗೆ ಈಗ ಸ್ಕ್ಯಾನರ್ ಬೇಕು. ಹಳ್ಳಿಯ ರೈತ ತನ್ನ ಬೈಕನ್ನು ಶೋರೂಮಿಗೆ ಒಯ್ದು, ಜಾಬ್ ಕಾರ್ಡ್ ಬರೆಸಿ, ಹೊರಗಿನ ಕುರ್ಚಿಯಲ್ಲಿ ಕೂರುತ್ತಾನೆ; ಒಳಗೆ ಏನು ನಡೆಯುತ್ತದೆಂದು ಅವನಿಗೆ ಕಾಣದು. ಹೊಗೆ ಕಡಿಮೆ ಆಗಬೇಕಾದ್ದು ನಿಜ, ಆ ನಿಯಮ ಬೇಕಿತ್ತು. ಅದರ ಜೊತೆ ಊರ ಮೇಸ್ತ್ರಿಗೆ ತರಬೇತಿಯೂ ಉಪಕರಣವೂ ಬರಬೇಕಿತ್ತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿಯೇ ಒಂದು ಜಾಲತಾಣ ತೆರೆಯಿತು. ಕೈಪಿಡಿ, ಸಾಮಾನಿನ ಬೆಲೆ, ವಾರಂಟಿಯ ವಿವರ ಎಲ್ಲರಿಗೂ ಸಿಗಬೇಕೆಂಬುದು ಅದರ ಉದ್ದೇಶ. ರಾಣೆಬೆನ್ನೂರಿನ ಗ್ಯಾರೇಜುಗಳಲ್ಲಿ ನಾನು ಕೇಳಿದ ಯಾರೂ ಅದರ ಹೆಸರು ಕೇಳಿರಲಿಲ್ಲ. ಪೂರ್ತಿ ಬಿಚ್ಚಿ ಪೂರ್ತಿ ಜೋಡಿಸಲು ಊರ ಮೇಸ್ತ್ರಿಯ ಕೈಗೆ ಸಿಗುವ ವಾಹನ ಇನ್ನು ಸೈಕಲ್ ಒಂದೇ ಆಗಿ ಉಳಿಯುವ ಹಾಗಿದೆ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕಡೆಗೂ ಹೋದೆ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಈ ಕುರುಚಲು ಕಾಡಿನಲ್ಲಿ ಜಿಂಕೆಗಳು ದೂರದಿಂದ ಕಂಡವು. ನೆಗ್ಗಿಲು ಮುಳ್ಳು ಹತ್ತಿರದಿಂದಲೇ ಸಿಕ್ಕಿತು. ಎರಡೂ ಗಾಲಿ ಒಟ್ಟಿಗೆ ಇಳಿದವು. ಸೈಕಲ್ ನೂಕಿಕೊಂಡು ಊರೊಂದರ ಕೂಡುರಸ್ತೆಗೆ ಬಂದಾಗ ಪಂಚರ್ ಅಂಗಡಿಗೆ ಬೀಗ. ಎದುರಿನ ಚಹಾದಂಗಡಿಯ ತಾಯಿ ನನ್ನನ್ನು ನೋಡಿ "ಕುಂಡ್ರು ಯಪ್ಪಾ, ಅಂವ ಹೊಲಕ್ಕ ಹೋಗ್ಯಾನ, ಕರಸ್ತೀನಿ" ಎಂದು ಹುಡುಗನೊಬ್ಬನನ್ನು ಓಡಿಸಿದಳು. ಅವನು ಕೆಸರುಗಾಲಿನಲ್ಲೇ ಬಂದ. ಬೀಗ ತೆಗೆದ, ಬೋಗುಣಿಗೆ ನೀರು ಹಾಕಿದ. ಒಂದೊಂದೇ ಮುಳ್ಳು ಕಿತ್ತು ಪೇಪರಿನ ಮೇಲೆ ಇಟ್ಟು ನನಗೆ ತೋರಿಸಿದ. ಹೊಲದ ಕೆಲಸ ಬಿಟ್ಟು ಬಂದದ್ದಕ್ಕೆ ಹೆಚ್ಚು ಕೊಡಲು ಹೋದರೆ ಬೇಡ ಅಂದ. ಹೊಲ ಎಲ್ಲಿ ಓಡಿ ಹೋಗುತ್ತದೆ ಎಂದು ನಕ್ಕ.

ಸೈಕಲ್ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಕೊಳ್ಳುವವರಿಗೆ ಇದು ಒಳ್ಳೆಯ ಸುದ್ದಿ. ಕೊಂಡ ಮೇಲಿನ ಮಾತನ್ನು ಸರ್ಕಾರವೂ ಕಂಪನಿಗಳೂ ಇನ್ನೂ ಗಂಭೀರವಾಗಿ ಆಡಿಲ್ಲ. ಶಾಲಾ ಮಕ್ಕಳಿಗೆ ಸೈಕಲ್ ಕೊಡುವಾಗ ಅದರ ಜೊತೆ ಸರ್ವಿಸಿನ ಚೀಟಿಗಳನ್ನೂ ಕೊಡಲಿ. ಸೈಕಲ್ ಜೋಡಿಸುವ ಕೆಲಸವನ್ನೂ, ವರ್ಷಕ್ಕೆರಡು ಸಲ ಬ್ರೇಕು, ಗಾಲಿ, ಚೈನು ನೋಡುವ ಕೆಲಸವನ್ನೂ ಆಯಾ ತಾಲ್ಲೂಕಿನ ಸೈಕಲ್ ಅಂಗಡಿಗಳಿಗೇ ವಹಿಸಿ, ಅದರ ಕೂಲಿಯನ್ನು ಇಲಾಖೆ ನೇರ ಅವರಿಗೆ ಕಟ್ಟಲಿ. ಬ್ಯಾಡಗಿಯ ಆ ಅಣ್ಣ ಈಗ ತನ್ನ ಕೈಯಿಂದ ಮಾಡುತ್ತಿರುವ ಕೆಲಸ ಅದು.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಮೂಲೆಯಲ್ಲಿ ಗಾಳಿ ಇಳಿದು ನಿಂತ ಸೈಕಲ್ ಇದ್ದರೆ ಈ ವಾರವೇ ನಿಮ್ಮ ಊರಿನ ಮೇಸ್ತ್ರಿಯ ಹತ್ತಿರ ಒಯ್ಯಿರಿ. ಅಲ್ಲೇ ಕೂತು ಕೆಲಸ ನೋಡಿ, ಬದಲಾಯಿಸಿದ ಸಾಮಾನನ್ನು ಕೇಳಿ ಪಡೆಯಿರಿ, ಸಾಮಾನಿನ ಬೆಲೆ ಮತ್ತು ಕೂಲಿಯನ್ನು ಬೇರೆ ಬೇರೆ ಬರೆಸಿಕೊಳ್ಳಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.